ಫೋನು ಪಕ್ಕದ ಕೋಣೆಯಲ್ಲಿರಲಿ

ನಾಳೆ ಪರೀಕ್ಷೆ. ಪುಸ್ತಕ ತೆರೆದಿದೆ, ಕೈ ಮಾತ್ರ ಫೋನಿನ ಮೇಲೆ. ಇದನ್ನು ಸೋಮಾರಿತನ ಅನ್ನಬೇಡಿ. ಕೆಲಸ ಹುಟ್ಟಿಸುವ ಭಯ, ಬೇಸರದಿಂದ ತಪ್ಪಿಸಿಕೊಳ್ಳಲೆಂದೇ ನಾವು ಅದನ್ನು ಮುಂದೂಡುತ್ತೇವೆ ಎನ್ನುತ್ತಾರೆ ಕೆನಡಾದ ಮನಶ್ಶಾಸ್ತ್ರಜ್ಞ ತಿಮೋತಿ ಪಿಚಿಲ್.

ಆ ಕ್ಷಣಕ್ಕೆ ಫೋನು ಸುಲಭದ ದಾರಿ. ಅಲ್ಲಿ ಪುಟ ಮುಗಿಯುವುದೇ ಇಲ್ಲ. ಕೊನೆಯಿಲ್ಲದ ಈ ಸ್ಕ್ರೋಲನ್ನು 2006ರಲ್ಲಿ ರೂಪಿಸಿದ ಆಜಾ ರಾಸ್ಕಿನ್ ಮುಂದೆ ಅದಕ್ಕಾಗಿ ಬಹಿರಂಗವಾಗಿಯೇ ನೊಂದುಕೊಂಡರು.

ಹಾಗಾಗಿ ನಿಮ್ಮನ್ನು ನೀವೇ ಬೈದುಕೊಳ್ಳುವುದು ಬಿಡಿ. ಫೋನನ್ನು ಸೈಲೆಂಟ್ ಮಾಡಿ ಬೋರಲು ಹಾಕಿದರೆ ಸಾಲದು, ಪಕ್ಕದ ಕೋಣೆಯಲ್ಲಿಡಿ. ಎದ್ದು ಹೋಗಬೇಕಲ್ಲ ಅನ್ನುವ ಆ ಸಣ್ಣ ತೊಡಕೇ ಎಷ್ಟೋ ಸಲ ಕೈಯನ್ನು ತಡೆಯುತ್ತದೆ. ಒಂದೇ ಕೋಣೆಯ ಮನೆಯೇ? ಅಮ್ಮನ ಕೈಗೆ ಕೊಡಿ. ಇಡೀ ಪಾಠದ ಚಿಂತೆ ಈಗ ಬೇಡ. ಮೊದಲ ಲೆಕ್ಕ ಬಿಡಿಸಿ, ತಪ್ಪಾದರೂ ಪರವಾಗಿಲ್ಲ.