ಚೈನ್ ಕವರ್‌ನಿಂದ ಆಯಿಲ್ ಸೋರುತ್ತಿದೆಯೇ? ಬಿಚ್ಚಿ ಸೀಲ್ ಮಾಡುವ ಕ್ರಮ ತಿಳಿದಿರಲಿ

ಕಾರು ನಿಲ್ಲಿಸಿದ ಜಾಗದಲ್ಲಿ ಎಣ್ಣೆಯ ಹನಿ ಕಾಣುತ್ತಿದೆಯೇ? ಎಂಜಿನ್ನಿನ ಒಂದು ಬದಿ ಜಿಡ್ಡುಗಟ್ಟಿ, ಅದಕ್ಕೆ ಎರೆಮಣ್ಣಿನ ಧೂಳು ಮೆತ್ತಿಕೊಂಡಿದೆಯೇ? ಹಾಗಿದ್ದರೆ ಟೈಮಿಂಗ್ ಚೈನ್ ಕವರ್ ಸೋರುತ್ತಿರಬಹುದು. ಹಾವೇರಿ, ರಾಣೆಬೆನ್ನೂರು, ಬ್ಯಾಡಗಿಯ ಯಾವ ಗ್ಯಾರೇಜಿಗೆ ಹೋದರೂ ಇದಕ್ಕೆ ‘ಬಿಚ್ಚಿ ಪೇಸ್ಟ್ ಹಚ್ಚಬೇಕು’ ಎಂದೇ ಹೇಳುತ್ತಾರೆ. ಮಾತು ಸಣ್ಣದು, ಕೆಲಸ ದೊಡ್ಡದು. ಆ ಕೆಲಸದ ಕ್ರಮ ನಿಮಗೂ ಗೊತ್ತಿದ್ದರೆ ಸರಿಯಾಗಿ ಮಾಡಿಸಿಕೊಳ್ಳಬಹುದು.

ಏನಿದು ಚೈನ್ ಕವರ್?

ಎಂಜಿನ್ನಿನ ಕೆಳಭಾಗದಲ್ಲಿ ಕ್ರ್ಯಾಂಕ್ ಶಾಫ್ಟ್ ಇರುತ್ತದೆ. ಪಿಸ್ಟನ್‌ಗಳು ತಿರುಗಿಸುವ ಮುಖ್ಯ ದಂಡ ಅದು. ಮೇಲ್ಭಾಗದಲ್ಲಿ ಕ್ಯಾಮ್ ಶಾಫ್ಟ್ ಇರುತ್ತದೆ. ಗಾಳಿ ಒಳಬಿಡುವ, ಹೊಗೆ ಹೊರಬಿಡುವ ವಾಲ್ವ್‌ಗಳನ್ನು ಅದು ತೆರೆದು ಮುಚ್ಚುತ್ತದೆ. ಈ ಎರಡೂ ಲೆಕ್ಕ ತಪ್ಪದೆ ತಿರುಗಲು ಸೈಕಲ್ ಚೈನಿನಂಥ ಒಂದು ಚೈನು ಅವುಗಳನ್ನು ಜೋಡಿಸಿರುತ್ತದೆ. ಅದೇ ಟೈಮಿಂಗ್ ಚೈನ್. ಅದನ್ನು ಮುಚ್ಚುವ ಅಲ್ಯೂಮಿನಿಯಂ ತಟ್ಟೆಯೇ ಚೈನ್ ಕವರ್.

ಎಲ್ಲ ಕಾರುಗಳಲ್ಲೂ ಇದು ಇರುವುದಿಲ್ಲ. ಹಳೆಯ ಮಾರುತಿ 800, ಆಲ್ಟೊ 800ರಲ್ಲಿ ಚೈನಿನ ಬದಲು ರಬ್ಬರ್ ಬೆಲ್ಟ್ ಇದೆ. ಬೆಲ್ಟಿಗೆ ಆಯಿಲ್ ತಾಗಬಾರದು. ಹೀಗಾಗಿ ಅದರ ಪ್ಲಾಸ್ಟಿಕ್ ಕವರ್‌ಗೆ ಆಯಿಲ್ ತಡೆಯುವ ಸೀಲ್ ಬೇಕಿಲ್ಲ. ಚೈನಾದರೆ ಸದಾ ಆಯಿಲಿನಲ್ಲೇ ಓಡುತ್ತದೆ. ಸ್ವಿಫ್ಟ್, ವ್ಯಾಗನ್‌ಆರ್‌ಗಳ ಕೆ-ಸರಣಿ ಪೆಟ್ರೋಲ್ ಎಂಜಿನ್, 2020ರಲ್ಲಿ ಬಿಎಸ್-6 ನಿಯಮ ಬಂದಾಗ ಮಾರುತಿ ನಿಲ್ಲಿಸಿದ 1.3 ಲೀಟರ್ ಡೀಸೆಲ್ ಎಂಜಿನ್ ಇವೆಲ್ಲ ಚೈನಿನವು. ಇವುಗಳ ಕವರ್ ಅಂಚಿಗೆ ದ್ರವ ಗ್ಯಾಸ್ಕೆಟ್, ಅಂದರೆ ಆರಿದ ಮೇಲೆ ರಬ್ಬರಿನಂತಾಗುವ ಸಿಲಿಕೋನ್ ಪೇಸ್ಟ್ ಹಚ್ಚಿರುತ್ತಾರೆ. ವರ್ಷಗಟ್ಟಲೆ ಬಿಸಿ, ತಂಪು, ಅದುರಾಟ ತಿಂದು ಈ ಪೇಸ್ಟ್ ಹಿಡಿತ ಬಿಡುತ್ತದೆ. ಆಗ ಸೋರಿಕೆ ಶುರುವಾಗುತ್ತದೆ.

ಮೊದಲು ಖಚಿತಪಡಿಸಿಕೊಳ್ಳಿ

ಆಯಿಲ್ ಮೇಲಿನಿಂದ ಇಳಿದು ಬಂದಿರಬಹುದು. ಎಂಜಿನ್ನಿನ ನೆತ್ತಿ ಮುಚ್ಚುವ ಟ್ಯಾಪೆಟ್ ಕವರ್‌ನ ಗ್ಯಾಸ್ಕೆಟ್, ಕ್ಯಾಮ್ ಸೆನ್ಸರ್‌ನ ರಬ್ಬರ್ ಉಂಗುರ, ಕ್ರ್ಯಾಂಕ್ ಪುಲ್ಲಿಯ ಹಿಂದಿನ ಆಯಿಲ್ ಸೀಲ್ ಇವುಗಳಲ್ಲಿ ಯಾವುದು ಸೋರಿದರೂ ನೋಡಲು ಹೀಗೆಯೇ ಕಾಣುತ್ತದೆ. ಇವುಗಳ ದುರಸ್ತಿಗೆ ಖರ್ಚೂ ಬಹಳ ಕಡಿಮೆ. ಆದ್ದರಿಂದ ಎಂಜಿನ್ ಬದಿಯನ್ನು ಪೂರ್ತಿ ಒರೆಸಿ ಸ್ವಚ್ಛ ಮಾಡಿಸಿ. ಎರಡು ಮೂರು ದಿನ ಓಡಿಸಿ. ಹಸಿ ಆಯಿಲ್ ಎಲ್ಲಿ ಮೊದಲು ಕಾಣುತ್ತದೆ ಎಂದು ಟಾರ್ಚ್ ಹಿಡಿದು ನೋಡಿ. ಅಷ್ಟು ದಿನವೂ ಡಿಪ್‌ಸ್ಟಿಕ್‌ನಲ್ಲಿ ಆಯಿಲ್ ಮಟ್ಟ ನೋಡುತ್ತಿರಿ.

ಬಿಚ್ಚುವ ಕ್ರಮ

ಎಂಜಿನ್ ತಣ್ಣಗಾಗಿರಬೇಕು. ಬ್ಯಾಟರಿಯ ಮೈನಸ್ ತಂತಿ ತೆಗೆದು, ಆಯಿಲ್ ಇಳಿಸಬೇಕು. ಕಾರನ್ನು ಸ್ಟ್ಯಾಂಡ್ ಮೇಲೆ ನಿಲ್ಲಿಸಿ ಆ ಬದಿಯ ಮುಂದಿನ ಚಕ್ರ, ಫ್ಯಾನ್ ಬೆಲ್ಟ್, ಕ್ರ್ಯಾಂಕ್ ಪುಲ್ಲಿ, ಟ್ಯಾಪೆಟ್ ಕವರ್ ತೆಗೆಯುತ್ತಾರೆ. ಎಂಜಿನ್ ಮೌಂಟ್, ಅಂದರೆ ಎಂಜಿನ್ನನ್ನು ಬಾಡಿಗೆ ಹಿಡಿದಿಡುವ ಆಸರೆಯನ್ನೂ ತೆಗೆಯಬೇಕಾಗುತ್ತದೆ. ಅದಕ್ಕೂ ಮುಂಚೆ ಕೆಳಗೆ ಜ್ಯಾಕ್ ಮತ್ತು ಮರದ ತುಂಡು ಕೊಟ್ಟಿರಲೇಬೇಕು. ಕೆಲವು ಎಂಜಿನ್‌ಗಳಲ್ಲಿ ಆಯಿಲ್ ಸಂಪ್, ಅಂದರೆ ಎಂಜಿನ್ನಿನ ತಳದ ಆಯಿಲ್ ತಟ್ಟೆಯನ್ನೂ ಇಳಿಸಬೇಕು.

ಕವರ್‌ನ ಬೋಲ್ಟ್‌ಗಳು ಒಂದೇ ಉದ್ದದವಲ್ಲ. ರಟ್ಟಿನ ಮೇಲೆ ಕವರ್‌ನ ಆಕಾರ ಬರೆದು, ಆಯಾ ಬೋಲ್ಟನ್ನು ಆಯಾ ಜಾಗದಲ್ಲೇ ಚುಚ್ಚಿಡುವುದು ಒಳ್ಳೆಯದು. ಉದ್ದದ ಬೋಲ್ಟ್ ಗಿಡ್ಡ ರಂಧ್ರಕ್ಕೆ ಹೋದರೆ ಎರಕ ಸೀಳಬಹುದು. ಕವರನ್ನು ಎಬ್ಬಿಸಲು ಬಿಟ್ಟಿರುವ ಸಂದುಗಳಲ್ಲೇ ಮೀಟಬೇಕು. ಸೀಲ್ ಕೂರುವ ಅಂಚಿಗೆ ಸ್ಕ್ರೂಡ್ರೈವರ್ ಗೀರು ಬಿದ್ದರೆ ಮುಂದೆ ಅಲ್ಲೇ ಸೋರುತ್ತದೆ.

ಚೈನ್ ಲೆಕ್ಕ ತಪ್ಪುವುದಿಲ್ಲವೇ? ಕವರ್ ತೆಗೆದ ಮಾತ್ರಕ್ಕೆ ತಪ್ಪುವುದಿಲ್ಲ. ಚೈನ್ ಬಿಗಿಹಿಡಿಯುವ ಟೆನ್ಷನರ್ ಮುಟ್ಟಬಾರದು, ಅಷ್ಟೆ. ಚೈನ್, ಅದಕ್ಕೆ ದಾರಿ ಹಿಡಿಸುವ ಗೈಡ್, ಟೆನ್ಷನರ್ ಸವೆದಿವೆಯೇ ಎಂದು ಆಗಲೇ ನೋಡಿಸಿ. ಕ್ರ್ಯಾಂಕ್ ಆಯಿಲ್ ಸೀಲ್ ಹೊಸದೇ ಹಾಕಿಸಿ.

ಸೀಲ್ ಮಾಡುವ ಕ್ರಮ

ಇಡೀ ಕೆಲಸದ ಜೀವ ಇರುವುದು ಇಲ್ಲಿಯೇ. ಹಳೆಯ ಪೇಸ್ಟನ್ನು ಪ್ಲಾಸ್ಟಿಕ್ ಸ್ಕ್ರೇಪರ್‌ನಿಂದ ತೆಗೆಯಬೇಕು. ಎಮರಿ ಪೇಪರ್, ಗ್ರೈಂಡರ್ ಬೇಡ. ಅವುಗಳ ಪುಡಿ ಒಳಗೆ ಬಿದ್ದರೆ ಬೇರಿಂಗ್ ಹಾಳಾಗುತ್ತದೆ. ಆಮೇಲೆ ಬ್ರೇಕ್ ಕ್ಲೀನರ್‌ನಿಂದ ಎರಡೂ ಅಂಚುಗಳ ಜಿಡ್ಡು ಒರೆಸಬೇಕು. ಬೆರಳಚ್ಚಿನಷ್ಟು ಜಿಡ್ಡು ಉಳಿದರೂ ಪೇಸ್ಟ್ ಹಿಡಿಯುವುದಿಲ್ಲ.

ಪೇಸ್ಟನ್ನು ಸುಮಾರು 3 ಮಿಲಿಮೀಟರ್ ದಪ್ಪದ ಒಂದೇ ಎಳೆಯಾಗಿ, ಎಲ್ಲೂ ಕಡಿಯದಂತೆ, ಬೋಲ್ಟ್ ರಂಧ್ರಗಳ ಒಳಬದಿಯಲ್ಲಿ ಎಳೆಯಬೇಕು. ಎಂಜಿನ್ನಿನ ಮೇಲ್ಭಾಗವಾದ ಹೆಡ್ಡು ಮತ್ತು ಅದರ ಕೆಳಗಿನ ಬ್ಲಾಕು ಕೂಡುವ ಜಾಗದಲ್ಲಿ ಸ್ವಲ್ಪ ಹೆಚ್ಚು ಹಚ್ಚಬೇಕು. ಜಾಸ್ತಿ ಹಚ್ಚಿದರೆ ಒಳ್ಳೆಯದಲ್ಲವೇ? ಅಲ್ಲ. ಹೆಚ್ಚಾದ ಪೇಸ್ಟ್ ಒಳಗೆ ಉಬ್ಬಿ, ತುಂಡಾಗಿ, ಸಂಪಿನ ಜಾಲರಿಗೆ ಸಿಕ್ಕಿಕೊಳ್ಳಬಹುದು. ಆಗ ಆಯಿಲ್ ಪ್ರೆಷರ್ ಇಳಿದು ಎಂಜಿನ್ನಿಗೇ ಪೆಟ್ಟು.

ಪೇಸ್ಟ್ ಹಚ್ಚಿದ ಕೆಲವೇ ನಿಮಿಷಗಳಲ್ಲಿ ಕವರನ್ನು ಜಾರಿಸದೆ ನೇರವಾಗಿ ಕೂರಿಸಬೇಕು. ಬೋಲ್ಟ್‌ಗಳನ್ನು ಎದುರುಬದುರಾಗಿ, ಎರಡು ಮೂರು ಸುತ್ತಿನಲ್ಲಿ, ಟಾರ್ಕ್ ರೆಂಚಿನಿಂದ ಬಿಗಿಯಬೇಕು. ಎಷ್ಟು ಬಿಗಿಯಬೇಕೆಂಬ ಅಳತೆ ನೋಡಿ ಬಿಗಿಯುವ ಪಾನಾ ಅದು. 6 ಮಿಲಿಮೀಟರ್ ಬೋಲ್ಟ್‌ಗೆ ಸಾಮಾನ್ಯವಾಗಿ 10 ನ್ಯೂಟನ್ ಮೀಟರ್ ಸಾಕು. ನಿಮ್ಮ ಎಂಜಿನ್ನಿನ ಅಳತೆಯನ್ನು ಸರ್ವಿಸ್ ಮ್ಯಾನ್ಯುಯಲ್‌ನಲ್ಲಿ ನೋಡಿಸಿ. ಪೇಸ್ಟ್ ಪೂರ್ತಿ ಗಟ್ಟಿಯಾಗಲು ಒಂದು ದಿನದವರೆಗೂ ಬೇಕಾಗಬಹುದು. ಟ್ಯೂಬಿನ ಮೇಲೆ ಬರೆದ ಸಮಯ ಮುಗಿಯುವ ತನಕ ಆಯಿಲ್ ತುಂಬಿಸಬೇಡಿ.

ಖರ್ಚು ಮತ್ತು ಗ್ಯಾರೇಜು

ಸಾಮಾನಿನ ಖರ್ಚು ದೊಡ್ಡದಲ್ಲ: ಒಂದು ಟ್ಯೂಬ್ ಪೇಸ್ಟ್, ಆಯಿಲ್ ಸೀಲ್, ಟ್ಯಾಪೆಟ್ ಗ್ಯಾಸ್ಕೆಟ್, ಫಿಲ್ಟರ್, ಚಿಕ್ಕ ಕಾರಿಗೆ ಮೂರು ಲೀಟರ್ ಆಸುಪಾಸಿನ ಆಯಿಲ್. ಹೆಚ್ಚು ಹಣ ಹೋಗುವುದು ಮಜೂರಿಗೆ. ಆದ್ದರಿಂದ ಎರಡನ್ನೂ ಬೇರೆ ಬೇರೆಯಾಗಿ ಬರೆಸಿಕೊಳ್ಳಿ. ಹಾವೇರಿ, ರಾಣೆಬೆನ್ನೂರಿನ ಹಳೆ ಪಿ.ಬಿ. ರಸ್ತೆಯ ಆಸುಪಾಸಿನ ಗ್ಯಾರೇಜುಗಳಲ್ಲಿ ವಿಚಾರಿಸಿ. ಟಾರ್ಕ್ ರೆಂಚ್ ಇದೆಯೇ, ಯಾವ ಪೇಸ್ಟ್ ಹಚ್ಚುತ್ತೀರಿ, ಎಷ್ಟು ಹೊತ್ತು ಆರಲು ಬಿಡುತ್ತೀರಿ ಎಂಬ ಮೂರು ಪ್ರಶ್ನೆ ಕೇಳಿ. ಇಲ್ಲಿ ಸಿಗದ ಬಿಡಿಭಾಗವನ್ನು ಹುಬ್ಬಳ್ಳಿ ಅಥವಾ ದಾವಣಗೆರೆಯಿಂದ ತರಿಸಬಹುದು.

ಬ್ಯಾಡಗಿಯವರಿಗೆ ಒಂದು ಮಾತು. ಮೆಣಸಿನಕಾಯಿ ಪೇಟೆ ನಡೆಯುವ ಸೋಮವಾರ, ಗುರುವಾರಕ್ಕೆ ಗಾಡಿ ಬೇಕೇ ಬೇಕು ಎಂದು ಹಿಂದಿನ ಸಂಜೆ ಅವಸರ ಮಾಡಿಸಬೇಡಿ. ಎರಡು ದಿನ ಬಿಡುವಿದ್ದಾಗಲೇ ಕಾರು ಕೊಡಿ. ತೆಗೆದ ಹಳೆಯ ಆಯಿಲ್ ಚರಂಡಿಗೋ ಹೊಲಕ್ಕೋ ಸೇರದಂತೆ ನೋಡಿಕೊಳ್ಳಿ. ಸ್ವಚ್ಛವಾಗಿ ಒರೆಸಿ, ಹದವಾಗಿ ಹಚ್ಚಿ, ಆರಲು ಬಿಟ್ಟ ಸೀಲ್ ವರ್ಷಗಟ್ಟಲೆ ಬಾಳುತ್ತದೆ. ಅವಸರದಲ್ಲಿ ಹಚ್ಚಿದ್ದಕ್ಕೆ ಅದೇ ಮಜೂರಿಯನ್ನು ಇನ್ನೊಮ್ಮೆ ಕೊಡಬೇಕಾಗುತ್ತದೆ.