ಮಿದುಳು ಪಾರ್ಶ್ವವಾಯುವೂ ಏಳು ಜನರ ಕಾಲ್ಚೆಂಡಾಟವೂ

ಕಾಲ್ಚೆಂಡಾಟದಲ್ಲಿ ತಂಡಕ್ಕೆ ಹನ್ನೊಂದು ಜನರಿರುತ್ತಾರೆಂಬುದು ಎಲ್ಲರಿಗೂ ತಿಳಿದ ಸಂಗತಿ. ಆದರೆ ಗೋಲ್ ಕೀಪರ್ ಸೇರಿ ಏಳೇ ಜನ ಆಡುವ ಅಂತಾರಾಷ್ಟ್ರೀಯ ಪಂದ್ಯಾವಳಿಯೊಂದಿದೆ. ಅದರಲ್ಲಿ ಆಡುವವರು ಸೆರೆಬ್ರಲ್ ಪಾಲ್ಸಿ, ಅಂದರೆ ಮಿದುಳು ಪಾರ್ಶ್ವವಾಯು ಉಳ್ಳವರು. ಇಲ್ಲವೇ ಮಿದುಳಿಗೆ ಪೆಟ್ಟು ಬಿದ್ದು ಅಂಥದೇ ತೊಂದರೆಗೆ ಒಳಗಾದವರು. ಇಂತಹ ಮಗುವೊಂದು ಮನೆಯಲ್ಲಿದ್ದರೆ ಅದನ್ನು ಒಳಕೋಣೆಯಲ್ಲಿ ಮಲಗಿಸಿ, ಹಣೆಬರಹವೆಂದು ಸುಮ್ಮನಾಗುವ ಕುಟುಂಬಗಳು ನಮ್ಮ ನಡುವೆ ಇನ್ನೂ ಇವೆ. ಈ ಆಟವನ್ನು ಅರಿತರೆ ಆ ಸ್ಥಿತಿಯನ್ನೂ ಸರಿಯಾಗಿ ಅರಿಯಬಹುದು.

ಮಿದುಳು ಪಾರ್ಶ್ವವಾಯು ಅಂಟುರೋಗವಲ್ಲ. ತಾಯಿಯ ಗರ್ಭದಲ್ಲಿ, ಹೆರಿಗೆಯ ವೇಳೆಯಲ್ಲಿ ಅಥವಾ ಹುಟ್ಟಿದ ನಂತರದ ಎಳವೆಯಲ್ಲಿ, ಬೆಳೆಯುತ್ತಿರುವ ಮಿದುಳಿಗೆ ಆಗುವ ಹಾನಿಯೇ ಇದರ ಮೂಲ. ಅವಧಿಗೆ ಮುನ್ನ ಹುಟ್ಟುವುದು, ತೀರ ಕಡಿಮೆ ತೂಕ, ಹೆರಿಗೆಯಲ್ಲಿ ಆಮ್ಲಜನಕದ ಕೊರತೆ, ಚಿಕಿತ್ಸೆಯಾಗದ ತೀವ್ರ ಕಾಮಾಲೆ, ಮಿದುಳಿಗೆ ತಗಲುವ ಸೋಂಕು ಇವು ಮುಖ್ಯ ಕಾರಣಗಳು. ಮಿದುಳಿನ ಆ ಗಾಯ ಮಾಯುವುದಿಲ್ಲ. ಹಾಗೆಯೇ ಬೆಳೆಯುತ್ತಲೂ ಹೋಗುವುದಿಲ್ಲ. ಆದರೆ ಬಿಗಿದ ಸ್ನಾಯುಗಳನ್ನು ಹಾಗೆಯೇ ಬಿಟ್ಟರೆ ಅವು ಮೊಟಕಾಗಿ, ಕೀಲುಗಳು ಸೊಟ್ಟಗಾಗುತ್ತವೆ. ಹಾನಿಯನ್ನು ಅಳಿಸಲಾಗದಿದ್ದರೂ ಅದರ ಪರಿಣಾಮವನ್ನು ತಗ್ಗಿಸಲು ಸಾಧ್ಯ. ಬೇಗ ಚಿಕಿತ್ಸೆ ಆರಂಭಿಸಬೇಕೆನ್ನುವುದು ಇದಕ್ಕಾಗಿಯೇ.

ಇದರಲ್ಲಿ ಮೂರು ಮುಖ್ಯ ಬಗೆಗಳಿವೆ. ಸ್ನಾಯುಗಳು ಬಿಗಿಯಾಗಿರುವುದು ಮೊದಲನೆಯದು. ಹೆಚ್ಚಿನವರಲ್ಲಿ ಕಾಣುವುದು ಇದೇ. ಕೈಕಾಲುಗಳು ತಮ್ಮಷ್ಟಕ್ಕೆ ಹೊರಳಾಡುವುದು ಎರಡನೆಯದು. ನಡಿಗೆಯ ಸಮತೋಲ ತಪ್ಪುವುದು ಮೂರನೆಯದು. ಒಬ್ಬರಿಗೆ ದೇಹದ ಒಂದು ಪಾರ್ಶ್ವ ಮಾತ್ರ ದುರ್ಬಲವಾಗಿದ್ದರೆ ಮತ್ತೊಬ್ಬರಿಗೆ ಎರಡೂ ಕಾಲುಗಳಿಗೆ ತೊಂದರೆಯಿರಬಹುದು. ಮಾತು ತೊದಲಿದ ಮಾತ್ರಕ್ಕೆ ಬುದ್ಧಿ ಮಂದವೆಂದು ಭಾವಿಸುವುದು ತಪ್ಪು. ಬಾಯಿಯ ಸ್ನಾಯುಗಳು ಸಹಕರಿಸದಿದ್ದರೂ ಅನೇಕ ಮಕ್ಕಳ ಗ್ರಹಿಕೆ ಚುರುಕಾಗಿಯೇ ಇರುತ್ತದೆ.

ಏಳು ಜನರ ಆಟದ ನಿಯಮಗಳು ಈ ದೇಹಸ್ಥಿತಿಯನ್ನು ಗಮನದಲ್ಲಿಟ್ಟುಕೊಂಡೇ ರೂಪುಗೊಂಡಿವೆ. ಮೈದಾನ ಸುಮಾರು 70 ಮೀಟರ್ ಉದ್ದ, 50 ಮೀಟರ್ ಅಗಲ. ಗೋಲು 5 ಮೀಟರ್ ಅಗಲ, 2 ಮೀಟರ್ ಎತ್ತರ. ಆಟ 30 ನಿಮಿಷಗಳ ಎರಡು ಅವಧಿಗಳಲ್ಲಿ ನಡೆಯುತ್ತದೆ. ಆಫ್‌ಸೈಡ್ ನಿಯಮವಿಲ್ಲ. ಗೆರೆಯಾಚೆ ಹೋದ ಚೆಂಡನ್ನು ಎರಡೂ ಕೈಗಳಿಂದ ತಲೆಯ ಮೇಲೆತ್ತಿ ಎಸೆಯಲಾಗದವರು ಒಂದೇ ಕೈಯಿಂದ ನೆಲದ ಮೇಲೆ ಉರುಳಿಸಬಹುದು.

ಇದಕ್ಕಿಂತ ಮುಖ್ಯವಾದ ನಿಯಮ ಇನ್ನೊಂದಿದೆ. ಆಟಗಾರರನ್ನು ಮೊದಲು ಪರೀಕ್ಷಿಸಿ, ತೊಂದರೆಯ ತೀವ್ರತೆಗೆ ಅನುಗುಣವಾಗಿ ಎಫ್‌ಟಿ 1, ಎಫ್‌ಟಿ 2, ಎಫ್‌ಟಿ 3 ಎಂಬ ಮೂರು ವರ್ಗಗಳಾಗಿ ವಿಂಗಡಿಸುತ್ತಾರೆ. ತೀವ್ರ ತೊಂದರೆಯುಳ್ಳ ಮೊದಲ ವರ್ಗದವರಲ್ಲಿ ಒಬ್ಬರಾದರೂ ಸದಾ ಮೈದಾನದಲ್ಲಿರಬೇಕು; ಅಲ್ಪ ತೊಂದರೆಯುಳ್ಳ ಮೂರನೆಯ ವರ್ಗದವರು ಒಮ್ಮೆಗೆ ಒಬ್ಬರಿಗಿಂತ ಹೆಚ್ಚು ಇರುವಂತಿಲ್ಲ. ಗೆಲ್ಲುವ ಹಂಬಲದಲ್ಲಿ ಹೆಚ್ಚು ದುರ್ಬಲರನ್ನು ಹೊರಗೆ ಕೂರಿಸದಂತೆ ಈ ನಿಯಮ ತಡೆಯುತ್ತದೆ.

1984ರಿಂದ 2016ರವರೆಗೆ ಈ ಆಟ ಪ್ಯಾರಾಲಿಂಪಿಕ್ಸ್‌ನಲ್ಲಿತ್ತು. 2016ರ ರಿಯೋ ಕೂಟದಲ್ಲಿ ಉಕ್ರೇನ್ ಚಿನ್ನ, ಇರಾನ್ ಬೆಳ್ಳಿ, ಬ್ರೆಜಿಲ್ ಕಂಚು ಗೆದ್ದವು. ಟೋಕಿಯೊ ಕೂಟದಿಂದ ಅದನ್ನು ಕೈಬಿಡಲಾಯಿತಾದರೂ ವಿಶ್ವಕಪ್ ಪಂದ್ಯಾವಳಿಗಳು ಮುಂದುವರಿದಿವೆ. 2022ರಲ್ಲಿ ಸ್ಪೇನ್ ದೇಶದ ಸಾಲೌ ಪಟ್ಟಣದಲ್ಲಿ ಮಹಿಳೆಯರ ಮೊದಲ ವಿಶ್ವಕಪ್ ನಡೆದು ಅಮೆರಿಕದ ತಂಡ ಗೆದ್ದಿತು.

ಹೆಚ್ಚು ಶ್ರಮಪಟ್ಟರೆ ಸ್ನಾಯುಗಳು ಮತ್ತಷ್ಟು ಬಿಗಿಯುತ್ತವೆಂದು ಹಿಂದೆ ವೈದ್ಯರೂ ಭಾವಿಸಿದ್ದರು. ಆ ಅಭಿಪ್ರಾಯ ಈಗ ಬದಲಾಗಿದೆ. ತಜ್ಞರ ಮಾರ್ಗದರ್ಶನದಲ್ಲಿ ಮಾಡುವ ವ್ಯಾಯಾಮ ಮತ್ತು ಆಟದಿಂದ ಸ್ನಾಯುಗಳ ಬಲ, ಉಸಿರಿನ ಶಕ್ತಿ, ಮನಸ್ಸಿನ ಧೈರ್ಯ ಮೂರೂ ಹೆಚ್ಚುತ್ತವೆ. ಮಕ್ಕಳೆಲ್ಲರೂ ವಿಶ್ವಕಪ್ ಆಡಬೇಕಿಲ್ಲ. ಕೆಲವರು ನಡೆಯಲಾರರು, ಅವರಿಗೆ ಗಾಲಿಕುರ್ಚಿಯಲ್ಲಿ ಕುಳಿತು ಚೆಂಡು ಹಿಡಿಯುವುದೇ ಆಟ. ಅವರವರ ಶಕ್ತಿಗೆ ತಕ್ಕ ಚಲನೆ ದಿನವೂ ಇರಬೇಕೆಂಬುದೇ ಮುಖ್ಯ.

ತಾಯಂದಿರು ಕೆಲವು ಲಕ್ಷಣಗಳನ್ನು ಗಮನಿಸಬೇಕು. ನಾಲ್ಕು ತಿಂಗಳು ಕಳೆದರೂ ಕತ್ತು ನಿಲ್ಲದಿರುವುದು, ಮುಷ್ಟಿ ಸದಾ ಬಿಗಿದೇ ಇರುವುದು, ಒಂಬತ್ತು ತಿಂಗಳಾದರೂ ಆಸರೆಯಿಲ್ಲದೆ ಕೂರದಿರುವುದು, ವರ್ಷ ತುಂಬುವ ಮೊದಲೇ ಒಂದು ಕೈಯನ್ನು ಮಾತ್ರ ಬಳಸುವುದು, ಎತ್ತಿಕೊಂಡಾಗ ಕಾಲುಗಳು ಕತ್ತರಿಯಂತೆ ಹೆಣೆದುಕೊಳ್ಳುವುದು ಇವುಗಳಲ್ಲಿ ಯಾವುದು ಕಂಡರೂ ವೈದ್ಯರಿಗೆ ತೋರಿಸಬೇಕು. “ಕೆಲವು ಮಕ್ಕಳು ತಡವಾಗಿ ನಡೆಯುತ್ತವೆ” ಎಂಬ ಸಮಾಧಾನದಲ್ಲಿ ಕಳೆದ ತಿಂಗಳುಗಳು ಮರಳಿ ಬಾರವು. ಬರೆ ಹಾಕಿಸುವುದು, ಬಿಗಿದ ಕಾಲನ್ನು ಬಲವಂತವಾಗಿ ಎಳೆದು ತಿಕ್ಕುವುದು ಸಲ್ಲದು. ಅದರಿಂದ ಗಾಯವೂ ಸೋಂಕೂ ಆದೀತೇ ಹೊರತು ಗುಣವಾಗದು.

ಎನ್. ಬೇಗೂರಿನಂತಹ ಕಾಡಂಚಿನ ಊರಿನವರು ಮೊದಲು ಅಂಗನವಾಡಿ ಅಥವಾ ಆಶಾ ಕಾರ್ಯಕರ್ತೆಗೆ ತಿಳಿಸಬಹುದು. ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ವೈದ್ಯರು ಅಂಗನವಾಡಿ, ಶಾಲೆಗಳಿಗೆ ಬಂದು ಮಕ್ಕಳನ್ನು ಪರೀಕ್ಷಿಸಿ ಮುಂದಿನ ಆಸ್ಪತ್ರೆಗೆ ಕಳುಹಿಸುತ್ತಾರೆ. ಮಾತು ಮತ್ತು ನುಂಗುವಿಕೆಯ ತೊಂದರೆಗೆ ಮೈಸೂರಿನ ಮಾನಸಗಂಗೋತ್ರಿಯಲ್ಲಿರುವ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಲ್ಲಿ ನೆರವು ದೊರೆಯುತ್ತದೆ. ಬೆಂಗಳೂರಿನ ಸ್ಪ್ಯಾಸ್ಟಿಕ್ಸ್ ಸೊಸೈಟಿ ಆಫ್ ಕರ್ನಾಟಕ ಇಂತಹ ಮಕ್ಕಳಿಗಾಗಿಯೇ ದುಡಿಯುತ್ತಿದೆ. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆ ಈ ಸ್ಥಿತಿಯನ್ನು ಅಂಗವೈಕಲ್ಯವೆಂದು ಗುರುತಿಸಿದೆ. ಗುರುತಿನ ಚೀಟಿ ಪಡೆದಿದ್ದರೆ ಸರ್ಕಾರಿ ಸೌಲಭ್ಯಗಳಿಗೆ ಅನುಕೂಲ. ನಿರಾಮಯ ವಿಮಾ ಯೋಜನೆಯಡಿ ವರ್ಷಕ್ಕೆ 1 ಲಕ್ಷ ರೂಪಾಯಿವರೆಗೆ ಚಿಕಿತ್ಸಾ ನೆರವೂ ಇದೆ.

ಚಿಕಿತ್ಸೆಯ ಹೊಣೆ ವೈದ್ಯರದಾದರೂ ಮಗುವನ್ನು ಅಂಗಳಕ್ಕೆ ಕರೆತರುವ ಹೊಣೆ ನಮ್ಮದು. ಊರಿನ ಮಕ್ಕಳು ಆಡುವಾಗ ಈ ಮಗುವಿಗೂ ಒಂದು ಪಾಲು ಸಿಗಲಿ. ಅದಕ್ಕಾಗಿ ಮೈದಾನವನ್ನು ಚಿಕ್ಕದು ಮಾಡಬೇಕಾದರೆ ಮಾಡೋಣ, ನಿಯಮವೊಂದನ್ನು ಬಿಡಬೇಕಾದರೆ ಬಿಡೋಣ. ಮಗುವನ್ನು ಮಾತ್ರ ಬಿಡದಿರೋಣ.