ನಡುಮನೆಯಲ್ಲೊಂದು ಕಾಕ್‌ಪಿಟ್

ಬೊಂಬೆ ಕೂರಿಸಲು ಮೆಟ್ಟಿಲು ಕಟ್ಟುವುದು, ಗಣಪತಿಗೆ ಮಂಟಪ ಕಟ್ಟುವುದು ನಮಗಾರಿಗೂ ಹೊಸದಲ್ಲ. ಆದರೆ ಮನೆಯೊಳಗೇ ವಿಮಾನದ ಕಾಕ್‌ಪಿಟ್, ಅಂದರೆ ಪೈಲಟ್ ಕೂರುವ ಕೋಣೆಯನ್ನು ಕಟ್ಟುತ್ತಾರೆಂದರೆ ನಂಬುತ್ತೀರಾ? ದೇಶವಿದೇಶಗಳಲ್ಲಿ ಎಷ್ಟೋ ಮಂದಿಗೆ ಈ ಹವ್ಯಾಸ ಹಿಡಿದಿದೆ. ಕಂಪ್ಯೂಟರಿನಲ್ಲಿ ವಿಮಾನ ಹಾರಿಸುವ ಆಟವಿದೆಯಲ್ಲ, ಅದನ್ನು ಬರಿಯ ಕೀಲಿಮಣೆ ಒತ್ತಿ ಆಡಿದರೆ ತೃಪ್ತಿ ಇಲ್ಲ, ನಿಜವಾದ ಪೈಲಟಿನ ಹಾಗೆ ಚಕ್ರ ಹಿಡಿಯಬೇಕು, ಪೆಡಲ್ ತುಳಿಯಬೇಕು, ಸ್ವಿಚ್ಚು ಹಾಕಬೇಕು ಎನ್ನುವವರು ಇದನ್ನು ಕೈಯಾರೆ ಕಟ್ಟಿಕೊಳ್ಳುತ್ತಾರೆ. ತುಮಕೂರಿನ ನಮ್ಮ ಮನೆಯಲ್ಲೂ ಈಗ ಒಂದಿದೆ. ಕಟ್ಟಿದವಳು ಪಿ.ಯು.ಸಿ. ಓದುವ ನನ್ನ ಮಗಳು.

“ಹುಡುಗಿಗೆ ಇದೆಲ್ಲಾ ಯಾಕೆ?” ಅಂತ ಬಂದವರೆಲ್ಲ ಕೇಳುತ್ತಾರೆ. ನಮ್ಮ ಅತ್ತೆಯವರೂ ಮೊದಲು ಹಾಗೇ ಅಂದರು. ಯಜಮಾನರ ಚಿಂತೆ ಬೇರೆ. ಮಗಳಿಗೆ ಪೈಲಟ್ ಆಗುವ ಆಸೆ. ಆ ತರಬೇತಿಗೆ ಹತ್ತಾರು ಲಕ್ಷ ರೂಪಾಯಿ ಬೇಕು. “ಈ ಆಟದಿಂದ ಆಸೆ ಇನ್ನೂ ಬೆಳೆದು, ನಾಳೆ ನಮ್ಮ ಕೈಲಿ ಆಗದೇ ಹೋದರೆ ಮಗುವಿನ ಮನಸ್ಸು ಏನಾಗಬೇಕು?” ಎಂದರು. ತಂದೆಯಾದವರ ಮಾತು, ತಳ್ಳಿಹಾಕುವಂಥದ್ದಲ್ಲ. ಆದರೆ ಆಸೆ ನಿಜವೋ, ನಾಲ್ಕು ದಿನದ ಹುಚ್ಚೋ ಎಂದು ತಿಳಿಯಲಾದರೂ ಒಂದು ದಾರಿ ಬೇಕಲ್ಲ? ಲಕ್ಷ ಸುರಿಯುವ ಮೊದಲು ಸಾವಿರದಲ್ಲಿ ನೋಡೋಣ ಎಂದು ನಾನೆಂದೆ.

ಆಟಿಕೆಯೇ ವಿದ್ಯೆಯಾದ ಕಥೆ

ಇದು ಬರೀ ಆಟ ಎನ್ನುವವರಿಗೆ ಒಂದು ಹಳೆಯ ಕಥೆ ಹೇಳಬೇಕು. ಅಮೆರಿಕದ ಬಿಂಗ್‌ಹ್ಯಾಮ್‌ಟನ್ ಊರಿನಲ್ಲಿ ಎಡ್ವಿನ್ ಲಿಂಕ್ ಎಂಬಾತನ ತಂದೆ ಪಿಯಾನೊ, ಆರ್ಗನ್ ವಾದ್ಯಗಳ ಕಾರ್ಖಾನೆ ಇಟ್ಟಿದ್ದರು. ಮಗನಿಗೆ ವಿಮಾನದ ಹುಚ್ಚು. ಕಲಿಯೋಣವೆಂದರೆ ಶುಲ್ಕ ದುಬಾರಿ. ನಮ್ಮ ಹಾರ್ಮೋನಿಯಂನಲ್ಲಿ ಗಾಳಿ ಊದುವ ತಿದಿ ಇರುತ್ತದಲ್ಲ, ಆರ್ಗನ್‌ನ ಅಂಥದೇ ತಿದಿಗಳನ್ನು ಜೋಡಿಸಿ, ನೆಲದ ಮೇಲೇ ನಿಂತು ಅತ್ತಿತ್ತ ವಾಲುವ ಒಂದು ಪುಟ್ಟ ವಿಮಾನವನ್ನು 1929ರಲ್ಲಿ ಮಾಡಿದ. ಮೊದಮೊದಲು ಕೊಂಡವರು ಹೆಚ್ಚಾಗಿ ಜಾತ್ರೆಯಂಥ ವಿನೋದ ಉದ್ಯಾನಗಳವರು! 1934ರಲ್ಲಿ ಅಮೆರಿಕದ ಸೈನ್ಯದ ಪೈಲಟುಗಳು ಅಂಚೆ ಸಾಗಿಸಲು ಹೋಗಿ, ಮಂಜು ಮಳೆಯಲ್ಲಿ ದಾರಿ ಕಾಣದೆ ಹಲವರು ಸತ್ತರು. ಆಗ ಸೈನ್ಯ ಈ ಯಂತ್ರಗಳನ್ನು ಕೊಂಡಿತು. ಎರಡನೆಯ ಮಹಾಯುದ್ಧದಲ್ಲಿ ಲಕ್ಷಗಟ್ಟಲೆ ಪೈಲಟುಗಳು ಅದರಲ್ಲೇ ಕುಳಿತು ಕಲಿತರು. ಕಂಪ್ಯೂಟರಿನ ಆಟ ಬಂದದ್ದು ಆಮೇಲೆ. ಬ್ರೂಸ್ ಆರ್ಟ್‌ವಿಕ್ 1979ರಲ್ಲಿ ಮಾಡಿದ ಆಟವೇ ಮುಂದೆ 1982ರಲ್ಲಿ ಮೈಕ್ರೋಸಾಫ್ಟ್ ಫ್ಲೈಟ್ ಸಿಮ್ಯುಲೇಟರ್ ಆಗಿ ಹೆಸರಾಯಿತು. ಇಂದು ಎಕ್ಸ್-ಪ್ಲೇನ್ ಇದೆ. ಪೂರ್ತಿ ಉಚಿತವಾದ ಫ್ಲೈಟ್‌ಗೇರ್ ಕೂಡ ಇದೆ. ನಮ್ಮ ಮನೆಯ ಶುರು ಈ ಉಚಿತದಿಂದಲೇ.

ಬೇಕಾಗುವ ಸಾಮಾನು

ಅಡಿಗೆಗೆ ಸಾಮಾನು ಬರೆದಿಟ್ಟುಕೊಳ್ಳುವ ಹಾಗೆ ಇದಕ್ಕೂ ಮೊದಲೇ ಪಟ್ಟಿ ಮಾಡಿಕೊಳ್ಳಿ. ಕಂಪ್ಯೂಟರ್ ಮನೆಯಲ್ಲಿತ್ತು. ಉಳಿದದ್ದಕ್ಕೆ ನಮಗಾದ ಖರ್ಚು ಹೀಗಿದೆ:

12 ಮಿ.ಮೀ. ಪ್ಲೈವುಡ್ ಮತ್ತು ಬಡಗಿಯ ಕೂಲಿ – 4,200 ರೂ.
ಗುಜರಿಯಲ್ಲಿ ಸಿಕ್ಕ ಹಳೆಯ ಕಾರಿನ ಸೀಟು – 1,500 ರೂ.
ಹಳೆಯ 17 ಇಂಚಿನ ಮಾನಿಟರ್ – 2,200 ರೂ.
ಆರ್ಡುಯಿನೊ ಹಲಗೆ, ಸ್ವಿಚ್ಚು, ಗುಂಡಿ, ವೈರು – 3,600 ರೂ.

ಒಟ್ಟು 11,500 ರೂಪಾಯಿ. ಒಂದೇ ಸಲ ಅಲ್ಲ, ಎಂಟು ತಿಂಗಳಲ್ಲಿ. ಸೀರೆಗೆ ಫಾಲ್ಸ್ ಹಚ್ಚಿ ಕೂಡಿಟ್ಟ ನನ್ನ ಹಣ ಇದಕ್ಕೆ ಒದಗಿತು. ಎಲೆಕ್ಟ್ರಾನಿಕ್ ಸಾಮಾನಿಗೆ ಬೆಂಗಳೂರಿನ ಎಸ್.ಪಿ. ರೋಡಿಗೆ ನಾವಿಬ್ಬರೂ ಹೋಗಿ ಬಂದೆವು.

ಆರ್ಡುಯಿನೊ ಎಂದರೆ ಅಂಗೈಯಗಲದ ಒಂದು ಎಲೆಕ್ಟ್ರಾನಿಕ್ ಹಲಗೆ. 2005ರ ಸುಮಾರಿಗೆ ಇಟಲಿಯಲ್ಲಿ ವಿದ್ಯಾರ್ಥಿಗಳಿಗೆಂದು ಹುಟ್ಟಿದ್ದು. ಹಳೆಯ ರೇಡಿಯೋದಲ್ಲಿ ದನಿ ಏರಿಸಿ ಇಳಿಸುವ ಗುಂಡಿ ಇರುತ್ತಿತ್ತಲ್ಲ, ಅದೇ ಜಾತಿಯ ಗುಂಡಿಯನ್ನು ಚಕ್ರಕ್ಕೂ ಪೆಡಲಿಗೂ ಜೋಡಿಸುವುದು. ಅದು ತಿರುಗಿದಂತೆ ವಿದ್ಯುತ್ತಿನ ಒತ್ತಡ ಸೊನ್ನೆಯಿಂದ 5 ವೋಲ್ಟಿನವರೆಗೆ ಬದಲಾಗುತ್ತದೆ. ಹಲಗೆ ಅದನ್ನು 0ಯಿಂದ 1023ರವರೆಗಿನ ಅಂಕಿಯಾಗಿ ಓದಿ ಕಂಪ್ಯೂಟರಿಗೆ ಹೇಳುತ್ತದೆ. ಚಕ್ರ ಎಷ್ಟು ತಿರುಗಿತೋ ಪರದೆಯ ವಿಮಾನ ಅದಕ್ಕೆ ತಕ್ಕಂತೆ ವಾಲುತ್ತದೆ. ಈ ಹಲಗೆಗಳಲ್ಲಿ ಲಿಯೊನಾರ್ಡೊ ಎಂಬ ಬಗೆಯನ್ನು ಕಂಪ್ಯೂಟರ್ ಜಾಯ್‌ಸ್ಟಿಕ್ ಎಂದೇ ಗುರುತಿಸುವಂತೆ ಮಾಡಬಹುದು. ಹೊಸಬರಿಗೆ ಅದು ಸುಲಭ.

ಕಟ್ಟುವ ಕ್ರಮ

ಮೊದಲು ರಟ್ಟಿನಲ್ಲಿ ಮಾಡಿ ನೋಡಿ. ಸೀಟಿನಲ್ಲಿ ಕುಳಿತು, ಕೈ ಚಾಚಿದರೆ ಎಲ್ಲ ಸ್ವಿಚ್ಚೂ ಎಟಕುತ್ತದೆಯೇ, ಮಂಡಿ ಮೇಜಿಗೆ ತಗಲುತ್ತದೆಯೇ ನೋಡಿಕೊಳ್ಳಿ. ರವಿಕೆ ಕತ್ತರಿಸುವ ಮೊದಲು ಕಾಗದದಲ್ಲಿ ಅಳತೆ ತೆಗೆಯುವುದಿಲ್ಲವೇ, ಹಾಗೆ. ಆಮೇಲೆ ಪ್ಲೈವುಡ್ ಕೊಯ್ಯಿಸಿ.

ಮುಂದಿನ ಫಲಕದಲ್ಲಿ ಆರು ದುಂಡು ತೂತುಗಳು ಬೇಕು. ವಿಮಾನದ ಮುಳ್ಳಿನ ಮಾಪಕಗಳ ಸಾಮಾನ್ಯ ಅಗಲ ಮೂರೂಕಾಲಿಗೆ ತುಸು ಕಡಿಮೆ, 80 ಮಿ.ಮೀ. ಎನ್ನಿ. ಅದೇ ಅಳತೆಯ ಡಬ್ಬಿಯ ಮುಚ್ಚಳವಿಟ್ಟು ಗೆರೆ ಎಳೆದರೆ ಆಯಿತು. ಫಲಕದ ಹಿಂದೆ ಹಳೆಯ ಮಾನಿಟರ್ ನಿಲ್ಲಿಸಿ, ಮಾಪಕಗಳ ಚಿತ್ರ ಸರಿಯಾಗಿ ತೂತುಗಳಲ್ಲೇ ಕಾಣುವಂತೆ ಮಾಡಿದರೆ ನಿಜದ ಗಡಿಯಾರಗಳೇ ಅನ್ನಬೇಕು. ಚಿಕ್ಕ ಸ್ವಿಚ್ಚುಗಳಿಗೆ 6 ಮಿ.ಮೀ. ತೂತು ಸಾಕು.

ಪೆಡಲುಗಳಿಗೆ ಬಾಗಿಲಿನ ಕೀಲು, ಸ್ಪ್ರಿಂಗು ಬಳಸಿದ್ದೇವೆ. ತಕ್ಕಡಿಯ ದಂಡದ ಹಾಗೆ ಒಂದು ಮುಂದೆ ಹೋದರೆ ಇನ್ನೊಂದು ಹಿಂದೆ ಬರಬೇಕು.

ಮುಖ್ಯವಾದ ಮಾತು: ಫಲಕವನ್ನು ಅಂಟು ಹಾಕಿ ಕೂರಿಸಬೇಡಿ, ನಟ್ಟು ಬೋಲ್ಟಿನಲ್ಲಿ ಬಿಗಿಯಿರಿ. ವೈರುಗಳನ್ನೂ ಬಿಚ್ಚಿ ಹಾಕುವ ಪ್ಲಗ್ಗಿನಲ್ಲಿ ಸೇರಿಸಿ. ಇವತ್ತು ನಾಲ್ಕು ಸೀಟಿನ ಪುಟ್ಟ ಸೆಸ್ನಾ 172, ನಾಳೆ ಏರ್‌ಬಸ್ ಎಂದು ಮನಸ್ಸು ಬದಲಾದರೆ ಫಲಕ ಮಾತ್ರ ಬದಲಾಯಿಸಿದರೆ ಸಾಕು. ಸೆಸ್ನಾದಲ್ಲಿ ಎದುರಿಗೆ ಚಕ್ರವಿದ್ದರೆ, ಏರ್‌ಬಸ್ 320ರಲ್ಲಿ ಕ್ಯಾಪ್ಟನ್ನಿನ ಎಡಗೈ ಪಕ್ಕದಲ್ಲಿ ಪುಟ್ಟ ಹಿಡಿ ಇರುತ್ತದೆ. ನಮ್ಮವಳು ಎರಡಕ್ಕೂ ಜಾಗ ಬಿಟ್ಟೇ ಚೌಕಟ್ಟು ಮಾಡಿಸಿದ್ದಾಳೆ.

ಆರು ಮುಖಗಳು

ಮೇಲಿನ ಸಾಲಿನಲ್ಲಿ ವೇಗ, ವಿಮಾನ ವಾಲಿದೆಯೋ ನೆಟ್ಟಗಿದೆಯೋ ತೋರಿಸುವ ದಿಗಂತ ಮಾಪಕ, ಎತ್ತರ. ಕೆಳಗಿನ ಸಾಲಿನಲ್ಲಿ ತಿರುವು, ದಿಕ್ಕು, ಏರಿಳಿತದ ವೇಗ. ಕಣ್ಣು ಒಂದರಲ್ಲೇ ನೆಡಬಾರದು. ಹಾಲು, ಸಾರು, ಪಲ್ಯ ಮೂರೂ ಒಲೆಯ ಮೇಲಿದ್ದಾಗ ನಾವು ನೋಡುತ್ತೇವಲ್ಲ, ಅದೇ ನೋಟ. ಇದನ್ನು ಕೇಳಿ ಅತ್ತೆಯವರು ನಕ್ಕು, “ಹಾಗಾದರೆ ನಾನೂ ಓಡಿಸ್ತೀನಿ ಬಿಡು” ಅಂದರು!

ಅವರ ಮನಸ್ಸು ತಿರುಗಲು ಇನ್ನೊಂದು ಕಾರಣವೂ ಇತ್ತು. ಸರಳಾ ಠಕ್ರಾಲ್ ಎಂಬಾಕೆ 1936ರಲ್ಲೇ, 21ರ ವಯಸ್ಸಿನಲ್ಲಿ, ಸೀರೆಯುಟ್ಟು ವಿಮಾನ ಹಾರಿಸಿದ್ದನ್ನು ಮೊಮ್ಮಗಳು ಅಜ್ಜಿಗೆ ಹೇಳಿದಳು. 2021ರ ಜನವರಿಯಲ್ಲಿ ಕ್ಯಾಪ್ಟನ್ ಜೋಯಾ ಅಗರ್‌ವಾಲ್ ಮುಂದಾಳತ್ವದಲ್ಲಿ ಹೆಣ್ಣುಮಕ್ಕಳೇ ಸ್ಯಾನ್ ಫ್ರಾನ್ಸಿಸ್ಕೋದಿಂದ ಉತ್ತರ ಧ್ರುವದ ಮೇಲಿನಿಂದ ಹಾರಿ ನಮ್ಮ ಬೆಂಗಳೂರಿಗೆ ಬಂದಿಳಿದ ಚಿತ್ರವನ್ನೂ ತೋರಿಸಿದಳು. ಅದಾದ ಮೇಲೆ “ಹುಡುಗಿಗೆ ಯಾಕೆ” ಎಂಬ ಮಾತು ಅವರ ಬಾಯಲ್ಲಿ ಬಂದಿಲ್ಲ.

ಮಂಗಳೂರಿನ ಪಾಠ

ಮಂಗಳೂರಿನ ನಿಲ್ದಾಣ ಗುಡ್ಡದ ತಲೆಯ ಮೇಲಿದೆ, ಆಚೀಚೆ ಕಣಿವೆ. 2010ರ ಮೇ 22ರಂದು ದುಬೈನಿಂದ ಬಂದ ವಿಮಾನ ಅಲ್ಲಿ 158 ಜನರನ್ನು ಬಲಿ ತೆಗೆದುಕೊಂಡದ್ದನ್ನು ಕನ್ನಡಿಗರು ಮರೆತಿಲ್ಲ. ಇಳಿಯುವಾಗ ವಿಮಾನ ತೀರಾ ಎತ್ತರದಲ್ಲಿತ್ತು. ಇಳಿಯುವುದು ಬೇಡ, ಮತ್ತೊಂದು ಸುತ್ತು ಹೋಗೋಣ ಎಂದು ಸಹಪೈಲಟ್ ಎಚ್ಚರಿಸಿದರೂ ಕ್ಯಾಪ್ಟನ್ ಮುಂದುವರಿದರು ಎಂದು ತನಿಖೆ ಹೇಳಿತು.

ಮಗಳು ಒಂದು ಸಂಜೆ ಅದೇ ಮಂಗಳೂರಿನಲ್ಲಿ ಇಳಿಯುವ ಅಭ್ಯಾಸ ಮಾಡುತ್ತಿದ್ದಳು. ಮೂರು ಸಲ ಹತ್ತಿರ ಬಂದು ಮೂರು ಸಲವೂ ಮೇಲಕ್ಕೆತ್ತಿದಳು. ತಮ್ಮ “ಸೋತೆ, ಸೋತೆ” ಎಂದು ಕುಣಿದ. ಅವಳು, “ಸರಿಯಾಗಿಲ್ಲ ಅಂತ ಗೊತ್ತಾದ ಮೇಲೂ ಇಳಿಸೋದೇ ಸೋಲು ಕಣೋ” ಎಂದಳು. ಪೇಪರ್ ಓದುತ್ತಿದ್ದ ಯಜಮಾನರು ತಲೆಯೆತ್ತಿ ನೋಡಿದರು. ಏನೂ ಹೇಳಲಿಲ್ಲ. ಮಾರನೆಯ ದಿನ ಬೆಳಿಗ್ಗೆ ಕಾಫಿ ಕುಡಿಯುತ್ತಾ, “ಆ ವೈದ್ಯಕೀಯ ಪರೀಕ್ಷೆ ಎಲ್ಲಿ ಮಾಡ್ತಾರಂತೆ, ವಿಚಾರಿಸು” ಅಂದರು.

ತಾಯಂದಿರಿಗೆ ನಾಲ್ಕು ಮಾತು

ಮನೆಯ ಕಾಕ್‌ಪಿಟ್ಟಿನಲ್ಲಿ ಕುಳಿತ ಗಂಟೆಗಳು ಲೈಸೆನ್ಸಿಗೆ ಲೆಕ್ಕವಿಲ್ಲ. ವಾಣಿಜ್ಯ ಪೈಲಟ್ ಆಗಲು ನಮ್ಮ ದೇಶದಲ್ಲಿ 200 ಗಂಟೆಯ ನಿಜವಾದ ಹಾರಾಟ ಬೇಕು. ಇದನ್ನು ಮಕ್ಕಳಿಗೆ ಮೊದಲ ದಿನವೇ ಹೇಳಿಬಿಡಿ.

ಹಣ ಹೊಂದಿಸುವ ಮೊದಲು ವೈದ್ಯಕೀಯ ಪರೀಕ್ಷೆ ಮಾಡಿಸಿ. ಕನ್ನಡಕ ಇದ್ದ ಮಾತ್ರಕ್ಕೆ ಹೆದರಬೇಕಿಲ್ಲ, ಆದರೆ ಬಣ್ಣ ಗುರುತಿಸುವ ದೃಷ್ಟಿ ಸರಿಯಿರಬೇಕು.

ಕಂಪ್ಯೂಟರಿನ ಪ್ಲಗ್ಗಿಗೆ ಅರ್ಥಿಂಗ್ ಇರಲಿ. ಮಕ್ಕಳು ಕೈ ಹಾಕುವ ವೈರೆಲ್ಲ 5 ವೋಲ್ಟಿನವೇ ಆಗಿರಲಿ. ಹಳೆಯ ಮಾನಿಟರನ್ನು ಬಿಚ್ಚಲು ಬಿಡಬೇಡಿ, ಒಳಗಿನ ವಿದ್ಯುತ್ತು ಅಪಾಯ.

ಹೊತ್ತು ಗೊತ್ತು ಮಾಡಿ. ನಮ್ಮಲ್ಲಿ ಓದು ಮುಗಿದ ಮೇಲೆ ದಿನಕ್ಕೆ ಒಂದು ಗಂಟೆ. ತಮ್ಮನಿಗೂ ಪಾಲುಂಟು. ತಿಂಡಿ ತಟ್ಟೆ ಮಾತ್ರ ಕಾಕ್‌ಪಿಟ್ಟಿನೊಳಗೆ ಹೋಗಬಾರದು!

ಹತ್ತಾರು ಲಕ್ಷದ ಪ್ರಶ್ನೆ ನಮಗಿನ್ನೂ ಬಗೆಹರಿದಿಲ್ಲ. ಪಿ.ಯು.ಸಿ. ಮುಗಿಯಲಿ, ಸಾಲ, ವಿದ್ಯಾರ್ಥಿವೇತನ ಏನು ಸಿಕ್ಕೀತು ನೋಡೋಣ, ಮನೆ ಮಾತ್ರ ಅಡವಿಡುವುದಿಲ್ಲ ಎಂದು ನಾಲ್ಕೂ ಜನ ಕುಳಿತು ಮಾತಾಡಿಕೊಂಡಿದ್ದೇವೆ. ಪೈಲಟ್ ಆಗದಿದ್ದರೂ ವಿಮಾನ ದುರಸ್ತಿಯ ವಿದ್ಯೆಯುಂಟು, ನೆಲದಿಂದ ವಿಮಾನಗಳಿಗೆ ದಾರಿ ಹೇಳುವ ಕೆಲಸವುಂಟು. ಬೆಸುಗೆ ಹಾಕಲು, ವೈರು ಜೋಡಿಸಲು, ಬಡಗಿಯ ಹತ್ತಿರ ಚೌಕಾಶಿ ಮಾಡಲು ಮಗಳು ಕಲಿತಾಗಿದೆ. ಅದು ಯಾರೂ ಕಸಿಯದ ಆಸ್ತಿ. ನಿಮ್ಮ ಮನೆಯ ಮಕ್ಕಳೂ ಇಂಥ ಆಸೆ ಹೇಳಿದರೆ ಒಂದೇ ಮಾತಿಗೆ “ಸುಮ್ಮನಿರು” ಅನ್ನಬೇಡಿ. ಒಂದು ರಟ್ಟಿನ ಪೆಟ್ಟಿಗೆ, ಒಂದು ಕತ್ತರಿ ಕೊಟ್ಟು, “ಮೊದಲು ಅಳತೆ ತೆಗಿ, ನೋಡೋಣ” ಅನ್ನಿ.